ಹಳೇ ಮನೆ ಕೊಳ್ಳುವ ಮುಂಚೆ ಚೇಂಬರ್ ಮುಚ್ಚಳ ತೆಗೆಸಿ: ಡ್ರೈನೇಜ್ ಕ್ಯಾಮೆರಾ ಖರ್ಚಿನ ಲೆಕ್ಕ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೇ ಮನೆ ಕೊಳ್ಳಲು ಹೊರಟವರು ಉತಾರ (ಆಸ್ತಿ ದಾಖಲೆ) ನೋಡುತ್ತಾರೆ, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸುತ್ತಾರೆ, ವಾಸ್ತು ಕೇಳುತ್ತಾರೆ, ಗೋಡೆ ಬಡಿದು ನೋಡುತ್ತಾರೆ. ನೆಲದ ಕೆಳಗಿನ ಡ್ರೈನೇಜ್ ಲೈನ್ ಮಾತ್ರ ಯಾರೂ ನೋಡುವುದಿಲ್ಲ. ನಾವೂ ನೋಡಲಿಲ್ಲ. ಕೇಶ್ವಾಪುರದ ಕಡೆ 1988ರಲ್ಲಿ ಕಟ್ಟಿದ ಒಂದು ಮನೆ ತಗೊಂಡೆವು, ಬೇಸಿಗೆಯಲ್ಲಿ ಗೃಹಪ್ರವೇಶ ಆಯಿತು, ಜುಲೈನಲ್ಲಿ ನಾಲ್ಕು ದಿನ ಜಡಿ ಮಳೆ ಹಿಡಿದಾಗ ಬಚ್ಚಲಿನ ಜಾಲರಿಯಿಂದ ಹೊಲಸು ನೀರು ಮೇಲಕ್ಕೆ ಬಂತು. ಮನೆಯಲ್ಲಿ ಎಂಬತ್ತು ದಾಟಿದ ಅವ್ವ ಇದ್ದಳು. ಆ ವಾರ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಕೊನೆಗೆ ಹಾಲ್‌ನ ಫರಸಿ ಕಿತ್ತು ಹೊಸ ಪೈಪು ಹಾಕಿಸಿದೆವು, 1 ಲಕ್ಷ 30 ಸಾವಿರ ಖರ್ಚು. ಅದರಲ್ಲಿ ಪೈಪಿಗೆ ಹೋದದ್ದು 9 ಸಾವಿರ. ಉಳಿದದ್ದೆಲ್ಲ ಒಡೆಯುವುದಕ್ಕೆ, ಅಗೆಯುವುದಕ್ಕೆ, ಮತ್ತೆ ಮುಚ್ಚುವುದಕ್ಕೆ.

ಅದಕ್ಕೇ ಹೇಳುತ್ತಿದ್ದೇನೆ. ಸಂಚಕಾರ (ಮುಂಗಡ) ಕೊಡುವ ಮುಂಚೆ ಲೈನ್ ನೋಡಿ, ಬೇಕಾದರೆ ಪೈಪಿನ ಒಳಗೆ ಕ್ಯಾಮೆರಾ ಬಿಡಿಸಿ ನೋಡಿ. ಕೊಟ್ಟ ಮೇಲೆ ನೋಡಿದರೆ ಮಾಲೀಕರು ನಿಮ್ಮ ಮಾತು ಕೇಳುವುದು ಕಷ್ಟ.

ನಮ್ಮ ಕಡೆ ಈ ತೊಂದರೆಗೆ ದೊಡ್ಡ ಕಾರಣ ಎರೆ ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಗೋಡೆ ಬಿರಿದರೆ ಕಣ್ಣಿಗೆ ಕಾಣುತ್ತದೆ, ಆದರೆ ಪೈಪೂ ಅದೇ ಮಣ್ಣಿನಲ್ಲಿ ಮಲಗಿರುತ್ತದೆ ಅಲ್ವಾ? ಹಳೇ ಮನೆಗಳಲ್ಲಿ ಹಾಕಿರುವುದು ಸಾಮಾನ್ಯವಾಗಿ ಸ್ಟೋನ್‌ವೇರ್ ಪೈಪು, ಕಂದು ಬಣ್ಣದ, ಹೊಳಪು ಕೊಟ್ಟ ಸುಟ್ಟ ಮಣ್ಣಿನದ್ದು. ಒಂದೊಂದು ತುಂಡು ಎರಡರಿಂದ ಮೂರು ಅಡಿ ಅಷ್ಟೇ. 40 ಅಡಿ ಲೈನ್ ಅಂದರೆ ಹದಿನೈದು ಇಪ್ಪತ್ತು ಜಾಯಿಂಟ್, ಎಲ್ಲವೂ ಸಿಮೆಂಟ್ ಮೆತ್ತಿ ಕೂಡಿಸಿದ್ದು. ಮೂವತ್ತು ವರ್ಷ ಮಣ್ಣು ಏರಿ ಇಳಿದರೆ ಆ ಸಿಮೆಂಟ್ ಬಿಟ್ಟುಕೊಳ್ಳುತ್ತದೆ, ಆ ಸಂದಿಯಲ್ಲಿ ಕೂದಲಿನಷ್ಟು ಸಣ್ಣ ಬೇರು ನುಗ್ಗಿ ಒಳಗೆ ಹೋಗಿ ಜಡೆಯ ಹಾಗೆ ಬೆಳೆಯುತ್ತದೆ. ಪಿವಿಸಿ ಪೈಪು ಉದ್ದ ಬರುವುದರಿಂದ ಜಾಯಿಂಟ್ ಕಡಿಮೆ. ಆದರೆ ಕೆಳಗೆ ಮರಳು ಹಾಸದೆ ಹಾಗೇ ಎರೆ ಮಣ್ಣಿನ ಮೇಲೆ ಇಟ್ಟಿದ್ದರೆ ಅದೂ ನಡುವೆ ಕೆಳಗೆ ಜಗ್ಗಿ ಹೊಟ್ಟೆ ಬಿಡುತ್ತದೆ. ಧಾರವಾಡದ ಕೆಂಪು ಮಣ್ಣಿನ ಓಣಿಗಳಲ್ಲಿ ನೆಲ ಇಷ್ಟು ಆಡುವುದಿಲ್ಲ, ಅಲ್ಲಿ ಮರದ ಬೇರನ್ನು ನೋಡಿಕೊಳ್ಳಬೇಕು.

ಇನ್ನೊಂದು ಮಾತು, ಇದನ್ನು ಹಗುರ ಮಾಡಬೇಡಿ. ನಮ್ಮ ಊರಲ್ಲಿ ನಲ್ಲಿ ನೀರು ಕೆಲವು ದಿನಗಳಿಗೊಮ್ಮೆ ಬರುವ ರೂಢಿಯಿಂದ ಹಳೇ ಮನೆಗಳಲ್ಲೆಲ್ಲ ನೆಲದ ಕೆಳಗೆ ಸಂಪು ಇರುತ್ತದೆ. ಒಡೆದ ಡ್ರೈನೇಜ್ ಲೈನ್ ಆ ಸಂಪಿನ ಪಕ್ಕದಲ್ಲೇ ಹೋಗಿದ್ದು, ಸಂಪಿನ ಗೋಡೆಯಲ್ಲೂ ಒಂದು ಬಿರುಕು ಇದ್ದರೆ ಆ ಹೊಲಸು ಕುಡಿಯುವ ನೀರಿಗೆ ಸೇರುತ್ತದೆ. ಮನೆ ನೋಡಲು ಹೋದಾಗ ಸಂಪಿಗೂ ಚೇಂಬರ್‌ಗೂ (ಡ್ರೈನೇಜ್ ಪೈಪು ಕೂಡುವ, ಮುಚ್ಚಳ ಇರುವ ಗುಂಡಿ) ಎಷ್ಟು ಅಂತರ ಇದೆ ಅಂತ ಹೆಜ್ಜೆ ಹಾಕಿ ನೋಡಿ.

ಕ್ಯಾಮೆರಾಕ್ಕೆ ದುಡ್ಡು ಕೊಡುವ ಮೊದಲು ಖರ್ಚಿಲ್ಲದ ಪರೀಕ್ಷೆ ಮಾಡಿ. ಹಿಂದಿನ ದಿನವೇ ಮಾಲೀಕರಿಗೆ ಫೋನ್ ಮಾಡಿ ಮೇಲಿನ ಟ್ಯಾಂಕ್ ತುಂಬಿಸಿಡಲು ಹೇಳಿ, ಇಲ್ಲದಿದ್ದರೆ ನೀರಿಲ್ಲ ಅಂತ ಪರೀಕ್ಷೆಯೇ ಆಗುವುದಿಲ್ಲ. ಹೋದ ತಕ್ಷಣ ಎಲ್ಲ ಚೇಂಬರ್ ಮುಚ್ಚಳ ತೆಗೆಸಿ. ಹತ್ತು ನಿಮಿಷ ಹಾಗೇ ಬಿಡಿ, ಗ್ಯಾಸ್ ಹೋಗಲಿ, ಹತ್ತಿರ ಕಡ್ಡಿ ಗೀರಬೇಡಿ. ಮುಚ್ಚಳದ ಮೇಲೆ ಟೈಲ್ಸ್ ಹಾಕಿ ಮುಚ್ಚಿದ್ದಾರೆ, ತೆಗೆಯಲು ಆಗುವುದಿಲ್ಲ ಅಂದರೆ ಅಲ್ಲೇ ಅನುಮಾನ ಪಡಿ. ಆಮೇಲೆ ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ ಪಾಯಖಾನೆಗೆ ಸುರಿದು ಗಡಿಯಾರ ನೋಡಿ. 30 ಅಡಿ ದೂರದ ಚೇಂಬರ್‌ಗೆ ಬಣ್ಣ ಅರ್ಧ ನಿಮಿಷದಲ್ಲಿ, ಹೆಚ್ಚೆಂದರೆ ಒಂದು ನಿಮಿಷದಲ್ಲಿ ಬರಬೇಕು. ತಡವಾಗಿ ಬಂದರೆ ಒಳಗೆ ನೀರು ನಿಲ್ಲುತ್ತಿದೆ. ಹಾಕಿದ್ದಕ್ಕಿಂತ ಬಹಳ ಕಡಿಮೆ ಬಂದರೆ ಮಣ್ಣಿಗೆ ಇಳಿಯುತ್ತಿದೆ. ಎದುರಿನ ಗಟಾರದಲ್ಲಿ ನೀಲಿ ಕಂಡರೆ ಆ ಮನೆಗೆ ಒಳಚರಂಡಿ ಸಂಪರ್ಕವೇ ಇಲ್ಲ, ಯಾರು ಏನೇ ಹೇಳಲಿ. ಯುಜಿಡಿ (ಒಳಚರಂಡಿ) ಸಂಪರ್ಕದ ರಸೀದಿ ಕೇಳಿ, ಪಾಲಿಕೆಯ ವಲಯ ಕಚೇರಿಯಲ್ಲೂ ವಿಚಾರಿಸಿ.

ಕನ್ನಡಿ ಪರೀಕ್ಷೆ ಗೌಂಡಿಗಳಿಗೆ ಗೊತ್ತಿರುವುದೇ. ಒಂದು ಚೇಂಬರ್‌ನಲ್ಲಿ ಒಬ್ಬರು ಮೊಬೈಲ್ ಟಾರ್ಚ್ ಹಿಡಿಯಬೇಕು, ಮುಂದಿನ ಚೇಂಬರ್‌ನಲ್ಲಿ ಇನ್ನೊಬ್ಬರು ಕೋಲಿಗೆ ಕಟ್ಟಿದ ಸಣ್ಣ ಕನ್ನಡಿ ಓರೆಯಾಗಿ ಇಳಿಸಬೇಕು. ಪೈಪು ನೇರ ಇದ್ದರೆ ಬೆಳಕು ಪೂರ್ತಿ ದುಂಡಗೆ ಕಾಣುತ್ತದೆ. ಅರ್ಧಚಂದ್ರ ಕಂಡರೆ ಪೈಪು ಕುಸಿದಿದೆ ಅಥವಾ ಒಳಗೆ ಏನೋ ಕೂತಿದೆ. ಏನೂ ಕಾಣದಿದ್ದರೆ ಕಟ್ಟಿಕೊಂಡಿದೆ, ಇಲ್ಲವೇ ನಡುವೆ ತಿರುವು ಇದೆ. ಚೆಂಡು ಬಿಡುವ ಪರೀಕ್ಷೆಯೂ ಇದೆ, ಪೈಪಿನ ಒಳ ಅಳತೆಗಿಂತ ಅರ್ಧ ಇಂಚು ಸಣ್ಣ ಚೆಂಡು ಮೇಲಿಂದ ಬಿಟ್ಟರೆ ಕೆಳಗೆ ಉರುಳಿ ಬರಬೇಕು. ಅದು ಹೊಸ ಲೈನಿಗೆ ಸರಿ, ಬೇರೆಯವರ ಹಳೇ ಮನೆಯಲ್ಲಿ ಬೇಡ, ಸಿಕ್ಕಿಕೊಂಡರೆ ಜಗಳ. ಇಳಿಜಾರನ್ನೂ ಅಳೆಯಿರಿ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳುಕಲು ಇರಬೇಕು ಅನ್ನುವುದು ಹಳೇ ಲೆಕ್ಕ, 6 ಇಂಚಿನದಕ್ಕೆ 60 ಅಡಿಗೆ 1 ಅಡಿ.

ಇಷ್ಟರಲ್ಲಿ ಎಲ್ಲ ಸರಿ ಇದ್ದು, ಮನೆ ಹತ್ತು ವರ್ಷದ ಒಳಗಿನದಾಗಿದ್ದು, ಪಿವಿಸಿ ಇದ್ದು, ಹತ್ತಿರ ದೊಡ್ಡ ಮರ ಇಲ್ಲದಿದ್ದರೆ ಕ್ಯಾಮೆರಾ ಬೇಡ, ಸುಮ್ನೆ ಖರ್ಚು. ಸ್ಟೋನ್‌ವೇರ್ ಪೈಪು ಇದ್ದರೆ, ಲೈನ್ ಹಾಲ್ ಅಥವಾ ಅಡುಗೆಮನೆಯ ಕೆಳಗಿಂದ ಹೋಗಿದ್ದರೆ, ಅಂಗಳದಲ್ಲಿ ಒಂದು ಕಡೆ ಫರಸಿ ಕುಸಿದಿದ್ದರೆ, ಉಣಕಲ್ ನಾಲಾದಂಥ ತಗ್ಗಿನ ಪಕ್ಕ ಮನೆ ಇದ್ದರೆ ಮಾಡಿಸಲೇಬೇಕು.

ಈಗ ಖರ್ಚಿಗೆ ಬರೋಣ. ಅಮೆರಿಕದಲ್ಲಿ ಮನೆ ಕೊಳ್ಳುವವರು ಇದನ್ನು ಮಾಮೂಲಿಯಾಗಿ ಮಾಡಿಸುತ್ತಾರೆ, ಅಲ್ಲಿ ಸುಮಾರು 100ರಿಂದ 500 ಡಾಲರ್. ಆ ಡಾಲರನ್ನು ರೂಪಾಯಿ ಮಾಡಿ ಹೆದರಬೇಡಿ, ಇಲ್ಲಿಯ ಲೆಕ್ಕವೇ ಬೇರೆ. ತಂಗಿ ಧಾರವಾಡದಲ್ಲಿ ಮನೆ ನೋಡಿದಾಗ ನಾನೇ ಮೂರು ಕಡೆ ಕೇಳಿದೆ. ಹುಬ್ಬಳ್ಳಿಯ ಒಬ್ಬರು ಬಂದು 20 ಮೀಟರ್‌ವರೆಗೆ ನೋಡಲು 4 ಸಾವಿರ ಅಂದರು. ಇನ್ನೊಬ್ಬರು ಜೆಟ್ಟಿಂಗ್ (ಜೋರಾದ ನೀರು ಬಿಟ್ಟು ಪೈಪು ತೊಳೆಯುವುದು) ಸೇರಿಸಿ 7 ಸಾವಿರ. ಬೆಂಗಳೂರಿನವರು ಪ್ರಯಾಣ ಬೇರೆ ಹಿಡಿದು 15 ಸಾವಿರದ ಹತ್ತಿರ ಹೇಳಿದರು. ಒಂದೇ ಕೆಲಸಕ್ಕೆ ಇಷ್ಟು ಅಂತರ ಬರುವುದು ನಾಲ್ಕು ವಿಷಯಕ್ಕೆ: ಎಲ್ಲಿಂದ ಬರುತ್ತಾರೆ, ಲೈನ್ ಎಷ್ಟು ಉದ್ದ, ತೊಳೆಯುವುದು ಸೇರಿದೆಯೋ ಇಲ್ಲವೋ, ವಿಡಿಯೋ ಕೊಡುತ್ತಾರೋ ಸುಮ್ಮನೆ ಪರದೆಯಲ್ಲಿ ತೋರಿಸಿ ಹೋಗುತ್ತಾರೋ. ಕೆಲವರು ಮೀಟರ್ ಲೆಕ್ಕ, ಕೆಲವರು ವಿಸಿಟ್ ಲೆಕ್ಕ ಹೇಳುತ್ತಾರೆ. 30-40 ಸೈಟಿನ ಮನೆಗೆ ಲೈನ್ 12ರಿಂದ 15 ಮೀಟರ್ ದಾಟುವುದು ಅಪರೂಪ, ಹಾಗಾಗಿ ವಿಸಿಟ್ ಲೆಕ್ಕವೇ ಮಾತಾಡಿ. ಧಾರವಾಡ, ನವನಗರ, ಹುಬ್ಬಳ್ಳಿ ಎಲ್ಲ ಹತ್ತಿರ ಹತ್ತಿರವೇ, ಊರು ಬೇರೆ ಅಂತ ಪ್ರಯಾಣದ ದುಡ್ಡು ಕೇಳಿದರೆ ಚೌಕಾಸಿ ಮಾಡಿ. ಗದಗ, ಹಾವೇರಿಯವರು ಇಬ್ಬರು ಮೂವರು ಸೇರಿ ಒಂದೇ ದಿನ ಕರೆಸಿದರೆ ಪ್ರಯಾಣದ ಖರ್ಚು ಹಂಚಿಹೋಗುತ್ತದೆ.

ಆನ್‌ಲೈನ್‌ನಲ್ಲಿ ಸಾವಿರ ಎರಡು ಸಾವಿರಕ್ಕೆ ಮೊಬೈಲ್‌ಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಸಿಗುತ್ತದಲ್ಲ, ಅದು ಸಾಕಾ ಅಂತ ಬಹಳ ಜನ ಕೇಳುತ್ತಾರೆ. ಅದರ ವೈರ್ ಮೆತ್ತಗೆ. ಮೂರ್ನಾಲ್ಕು ಅಡಿ ಹೋಗಿ ಬಾಗಿಬಿಡುತ್ತದೆ. ಚೇಂಬರ್ ಬಾಯಿಯ ಹತ್ತಿರ ಇಣುಕಲು ಆಗುತ್ತದೆ, ಲೈನ್ ನೋಡಲು ಆಗುವುದಿಲ್ಲ. ಕೆಲಸದವರ ಹತ್ತಿರ ಇರುವುದು ಗಟ್ಟಿ ರಾಡ್‌ನಂಥ ಕೇಬಲ್, ತುದಿಯಲ್ಲಿ ದೀಪ, ಎಷ್ಟು ಮೀಟರ್ ಒಳಗೆ ಹೋಯಿತು ಅಂತ ಪರದೆಯ ಮೇಲೆ ಅಂಕಿ. ಈ ಅಂಕಿ ಇಲ್ಲದ ಕ್ಯಾಮೆರಾ ಬೇಡ, ಎಲ್ಲಿ ಅಗೆಯಬೇಕು ಅಂತ ಗೊತ್ತಾಗದಿದ್ದರೆ ನೋಡಿ ಏನು ಪ್ರಯೋಜನ? ಕೆಲವರ ಹತ್ತಿರ ನೆಲದ ಮೇಲಿಂದಲೇ ಕ್ಯಾಮೆರಾ ಎಲ್ಲಿದೆ, ಎಷ್ಟು ಆಳದಲ್ಲಿದೆ ಅಂತ ಹೇಳುವ ಲೊಕೇಟರ್ ಇರುತ್ತದೆ. ಲೈನ್ ಮನೆ ಒಳಗಿಂದ ಹೋಗಿದ್ದರೆ ಅದಕ್ಕೆ ಸಾವಿರ ಜಾಸ್ತಿ ಕೊಟ್ಟರೂ ಲಾಭವೇ.

ಆ ದಿನ ನೀವು ಅಲ್ಲೇ ನಿಂತಿರಿ. ಕ್ಯಾಮೆರಾ ಚೇಂಬರ್‌ನಿಂದ ಬಿಡಿಸಿ, ಕಮೋಡ್ ಕಡೆಯಿಂದ ಬೇಡ, ಅಲ್ಲಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲೇ ತೊಳೆದರೆ ಕೊಳೆ ಎಲ್ಲಿ ಕಟ್ಟುತ್ತಿತ್ತು ಅನ್ನುವ ಗುರುತೂ ಹೋಗಿಬಿಡುತ್ತದೆ. ಹಾಗಾಗಿ ಒಮ್ಮೆ ಇದ್ದ ಹಾಗೇ ನೋಡಿ, ಕಟ್ಟಿಕೊಂಡಿದ್ದರೆ ಆಮೇಲೆ ಜೆಟ್ಟಿಂಗ್ ಮಾಡಿಸಿ ಮತ್ತೊಮ್ಮೆ ನೋಡಿ. ಕ್ಯಾಮೆರಾ ಸಾಗುವಾಗ ಒಬ್ಬರು ಮೇಲೆ ಸಣ್ಣಗೆ ನಲ್ಲಿ ಬಿಟ್ಟಿರಲಿ. ಎಲ್ಲಿ ಲೆನ್ಸ್ ನೀರಿನಲ್ಲಿ ಮುಳುಗುತ್ತದೋ ಅಲ್ಲಿ ಪೈಪು ಹೊಟ್ಟೆ ಬಿಟ್ಟಿದೆ. ಒಂದಡಿ ಮುಳುಗಿ ಎದ್ದರೆ ದೊಡ್ಡ ವಿಷಯವಲ್ಲ, ಐದಾರು ಅಡಿ ಮುಳುಗಿಯೇ ಹೋದರೆ ಅಷ್ಟು ಭಾಗ ಎತ್ತಿ ಹಾಕಬೇಕು. ಬೇರು, ಬಿಟ್ಟ ಜಾಯಿಂಟ್, ಪೈಪಿನಲ್ಲಿ ಕಾಣುವ ಕರಿ ಮಣ್ಣು, ಇವು ಬಂದಾಗಲೆಲ್ಲ ನಿಲ್ಲಿಸಿ ಮೀಟರ್ ಅಂಕಿ ಬರೆದುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಆಗಬೇಡಿ. ಯಾರನ್ನೂ ಮ್ಯಾನ್‌ಹೋಲ್ ಅಥವಾ ಸೆಪ್ಟಿಕ್ ಟ್ಯಾಂಕ್ ಒಳಗೆ ಇಳಿಸಬೇಡಿ, ಅವರೇ ಇಳಿಯುತ್ತೇನೆ ಅಂದರೂ ಬೇಡ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾನೂನಿನ ಪ್ರಕಾರ ರಕ್ಷಣಾ ಸಲಕರಣೆ ಇಲ್ಲದೆ ಹಾಗೆ ಇಳಿಸಿ ಸ್ವಚ್ಛ ಮಾಡಿಸುವುದು ಅಪರಾಧ, ಅದಕ್ಕಿಂತ ಮುಖ್ಯ, ಒಳಗಿನ ಗ್ಯಾಸ್‌ಗೆ ಮನುಷ್ಯ ಕೆಲವೇ ನಿಮಿಷದಲ್ಲಿ ಸಾಯಬಹುದು. ಸಕ್ಕಿಂಗ್ ಮಷಿನ್ ಬೇಕಿದ್ದರೆ 14420 ಸಹಾಯವಾಣಿ ಇದೆ.

ಊರ ಹೊರಗಿನ ಲೇಔಟ್‌ಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಇದ್ದರೆ ಕ್ಯಾಮೆರಾಕ್ಕಿಂತ ಮೊದಲು ಕೇಳಬೇಕಾದದ್ದು, ಕೊನೆಗೆ ಯಾವಾಗ ಖಾಲಿ ಮಾಡಿಸಿದಿರಿ ಅಂತ. 2-3 ವರ್ಷಕ್ಕೊಮ್ಮೆ ಆಗಬೇಕು. ಎರೆ ಮಣ್ಣಿನಲ್ಲಿ ಇಂಗುಗುಂಡಿ ಸರಿಯಾಗಿ ಇಂಗುವುದಿಲ್ಲ, ಆದ್ದರಿಂದ ಅಂಥ ಮನೆಯನ್ನು ಮಳೆಗಾಲದಲ್ಲಿ ಒಮ್ಮೆ ನೋಡದೆ ಮಾತು ಮುಗಿಸಬೇಡಿ.

ಕ್ಯಾಮೆರಾ ದುಡ್ಡು ಯಾರು ಕೊಡಬೇಕು? ನೀವೇ ಕೊಡಿ. ಆಗ ವಿಡಿಯೋ ನಿಮ್ಮದು, ಆಳು ನಿಮ್ಮವನು. ತಂಗಿ ನೋಡಿದ ಮನೆ ಮಾಳಮಡ್ಡಿಯಲ್ಲಿ, ಲೈನ್ 11 ಮೀಟರ್. 7ನೇ ಮೀಟರ್ ಹತ್ತಿರ ತೆಂಗಿನ ಬೇರು ಪೈಪಿನ ಅರ್ಧ ತುಂಬಿತ್ತು. ಮಾಲೀಕರು ಒಳ್ಳೆಯವರೇ, ಅವರಿಗೂ ಗೊತ್ತಿರಲಿಲ್ಲ, ಮೊದಲು ಒಪ್ಪಲಿಲ್ಲ. ಗೌಂಡಿಯನ್ನು ಕರೆಸಿ ಅದಷ್ಟೇ ಭಾಗ ಬದಲಿಸಲು ಎಷ್ಟಾಗುತ್ತದೆ ಅಂತ ಬರೆಸಿದೆವು, 45 ಸಾವಿರ ಆಯಿತು. ಆ ಚೀಟಿ, ವಿಡಿಯೋ ಎರಡನ್ನೂ ಮುಂದಿಟ್ಟು ಕೂತು ಮಾತಾಡಿದಾಗ ಮನೆ ಬೆಲೆಯಲ್ಲಿ 40 ಸಾವಿರ ಇಳಿಸಿದರು. ಸುಮ್ಮನೆ ಡ್ರೈನೇಜ್ ಸರಿ ಇಲ್ಲ ಅಂದಿದ್ದರೆ ಒಂದು ರೂಪಾಯಿಯೂ ಇಳಿಯುತ್ತಿರಲಿಲ್ಲ. ರಿಪೇರಿ ಮಾಲೀಕರೇ ಮಾಡಿಸಿಕೊಡುತ್ತೇವೆ ಅಂದರೆ ಸಂಚಕಾರ ಪತ್ರದಲ್ಲೇ ಬರೆಸಿ: ಇಷ್ಟು ಮೀಟರ್‌ನಿಂದ ಇಷ್ಟರವರೆಗೆ, ಯಾವ ಪೈಪು, ಯಾವ ದಿನದ ಒಳಗೆ, ಮುಚ್ಚುವ ಮೊದಲು ನಮಗೆ ತೋರಿಸಬೇಕು.

ವಿಡಿಯೋವನ್ನು ಖರೀದಿ ಪತ್ರದ ಜೊತೆಗೇ ಇಡಿ. ಒಂದು ಹಾಳೆಯಲ್ಲಿ ಚೇಂಬರ್ ಎಲ್ಲಿವೆ, ಲೈನ್ ಯಾವ ಗೋಡೆಯಿಂದ ಎಷ್ಟು ಅಡಿಯಲ್ಲಿ ಹೋಗಿದೆ, ಸಂಪು ಎಲ್ಲಿದೆ ಅಂತ ಚಿತ್ರ ಬರೆದು ಅದಕ್ಕೇ ಸೇರಿಸಿ. ಹತ್ತು ವರ್ಷ ಬಿಟ್ಟು ಪ್ಲಂಬರ್ ಬಂದು ಎಲ್ಲಿ ಅಗೆಯಲಿ ಅಂತ ಕೇಳಿದಾಗ ಆ ಹಾಳೆ ತೆಗೆದು ಕೊಡಬಹುದು.