ಹೆಬ್ಬಾಗಿಲಿಗೆ ಹೊಸ ಕಳೆ

ಮುಂಬಾಗಿಲನ್ನು ಚೆಂದ ಮಾಡೋಣ ಅಂದ ಕೂಡಲೇ ಅಂಗಡಿಗೆ ಓಡಬೇಡಿ. ಒಮ್ಮೆ ಗೇಟಿನಾಚೆ ನಿಂತು, ಬಂದ ನೆಂಟರ ಕಣ್ಣಿನಿಂದ ನೋಡಿ. ಒಣಗಿ ಮುರುಟಿದ ಮಾವಿನ ತೋರಣ, ಜೋತುಬಿದ್ದ ಕೇಬಲ್ ವೈರು, ಯಾರೂ ಮೆಟ್ಟದ ಚಪ್ಪಲಿಗಳು, ನೀರು ಶುದ್ಧೀಕರಣ ಯಂತ್ರದವರು ಅಂಟಿಸಿಹೋದ ಸ್ಟಿಕ್ಕರ್. ಇಷ್ಟನ್ನು ತೆಗೆದರೇ ಅರ್ಧ ಕೆಲಸ ಮುಗಿಯಿತು. ಚಪ್ಪಲಿ ಸ್ಟ್ಯಾಂಡು ಬಾಗಿಲಿಗೆ ಎದುರಾಗದೆ ಪಕ್ಕದಲ್ಲಿರಲಿ. ಅಪಾರ್ಟ್‌ಮೆಂಟಿನವರು ಕಾರಿಡಾರಿನಲ್ಲಿ ಏನನ್ನೂ ಪೇರಿಸಬಾರದು. ಬೆಂಕಿ ಬಿದ್ದರೆ ಓಡುವ ದಾರಿ ಅದೇ.

ಇನ್ನು ಬಾಗಿಲು. ಹೆಚ್ಚು ಹೊತ್ತು ಬೇಡುವುದು ಇದೇ. ತೇಗವೋ ಹೊನ್ನೆಯೋ ಆಗಿದ್ದು, ಹಳೆಯ ಪಾಲಿಶ್ ಮಂಕಾಗಿದ್ದರೆ ದಯವಿಟ್ಟು ಅದರ ಮೇಲೆ ಆಯಿಲ್ ಪೇಂಟ್ ಬಳಿಯಬೇಡಿ. ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬಿರುತ್ತದೆ, ಹಾಗಾಗಿ ದೀಪಾವಳಿ ಕಳೆದು ಹವೆ ಒಣಗಿದ ಮೇಲೆ ಕೈ ಹಾಕಿ. 120ರ ಉಪ್ಪುಕಾಗದದಿಂದ ಹಳೆಯ ಪದರ ಪೂರ್ತಿ ಹೋಗುವವರೆಗೂ ಉಜ್ಜಿ, ಆಮೇಲೆ 220ರಿಂದ ನುಣುಪು ಮಾಡಿ. ಕೈ ಯಾವಾಗಲೂ ಮರದ ಎಳೆಯ ಗುಂಟವೇ ಓಡಲಿ. ಅಡ್ಡ ಉಜ್ಜಿದ ಗೀರು ಪಾಲಿಶ್ ಹಾಕಿದ ಮೇಲೆ ಎದ್ದು ಕಾಣುತ್ತದೆ. ಧೂಳು ಒರೆಸಿ, ಕಾಯಿಸಿದ ಅಗಸೆ ಎಣ್ಣೆಯನ್ನು (ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ, ಮನೆಯಲ್ಲಿ ಕಾಯಿಸಬೇಡಿ) ಬಟ್ಟೆಯಿಂದ ತೆಳ್ಳಗೆ ಸವರಿ. 20 ನಿಮಿಷ ಬಿಟ್ಟು, ಮರ ಹೀರದೆ ಉಳಿದದ್ದನ್ನು ಒರೆಸಿಬಿಡಿ, ಇಲ್ಲದಿದ್ದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಮಾರನೆಯ ದಿನ ಇನ್ನೊಂದು ಕೈ. ಎಣ್ಣೆ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ನೀರಿನಲ್ಲಿ ಮುಳುಗಿಸಿಡಿ.

ಹಿತ್ತಾಳೆಯ ಹಿಡಿಗೆ ಹುಣಸೆಹಣ್ಣು, ಉಪ್ಪು ಸಾಕು. ಲ್ಯಾಕರ್ (ಹೊಳಪು ಮಾಸದಂತೆ ಬಳಿಯುವ ಪಾರದರ್ಶಕ ಲೇಪ) ಬಳಿದ ಹಿಡಿಗೆ ಇದು ಬೇಡ, ಒದ್ದೆ ಬಟ್ಟೆಯೇ ಲೇಸು.

ಹೊಸ್ತಿಲಿಗೆ ಕೆಮ್ಮಣ್ಣು ಬಳಿದು, ಮುಂದೆ ರಂಗೋಲಿ. ಪ್ಲಾಸ್ಟಿಕ್ ರಂಗೋಲಿ ಸ್ಟಿಕ್ಕರ್ ನನಗಂತೂ ಸೇರದು: ಅಂಚೆದ್ದು, ಅಡಿಯಲ್ಲಿ ಕೊಳೆ ಕೂತು, ಹಬ್ಬದ ಕಳೆಯೇ ಹೋಗುತ್ತದೆ. ಬರುವುದಿಲ್ಲ ಎನ್ನುವವರು 7ರಿಂದ 4ರ ಸಂದು ಚುಕ್ಕಿಯಿಂದ ಶುರುಮಾಡಬಹುದು: ನಡುವೆ 7, ಅದರ ಮೇಲೂ ಕೆಳಗೂ 6, 5, 4. ಜಾರುವ ಟೈಲ್ಸ್‌ಗಿಂತ ಒರಟು ಗ್ರಾನೈಟಿನ ಮೇಲೆ ಪುಡಿ ಚೆನ್ನಾಗಿ ನಿಲ್ಲುತ್ತದೆ.

ದೀಪವನ್ನು ತಲೆಯ ಮೇಲೆ ಹಾಕಿದರೆ ಬಂದವರ ಮುಖಕ್ಕೆ ನೆರಳು ಬೀಳುತ್ತದೆ, ಬೀಗದ ತೂತೂ ಕಾಣದು. ಬಾಗಿಲ ಪಕ್ಕದ ಗೋಡೆಯಲ್ಲಿ, ಸುಮಾರು ಆರಡಿ ಎತ್ತರದಲ್ಲಿರಲಿ. 2700ರಿಂದ 3000 ಕೆಲ್ವಿನ್‌ನ ಹಳದಿ ಎಲ್‌ಇಡಿ ಕೊಳ್ಳಿ; ಬಿಳಿ ಬೆಳಕಿಗೆ ಮುತ್ತುವಷ್ಟು ಹುಳ ಇದಕ್ಕೆ ಮುತ್ತುವುದಿಲ್ಲ.

ಹತ್ತು ಸಣ್ಣ ಕುಂಡಗಳಿಗಿಂತ ಎರಡು ದೊಡ್ಡವು ಮೇಲು. ಬಿಸಿಲಿದ್ದರೆ ದಾಸವಾಳ, ನೆರಳಾದರೆ ಸ್ನೇಕ್ ಪ್ಲಾಂಟ್ ಅಥವಾ ಮನಿ ಪ್ಲಾಂಟ್. ತಟ್ಟೆಯಲ್ಲಿ ನಿಂತ ನೀರನ್ನು ಆಗಾಗ ಚೆಲ್ಲಿ, ಡೆಂಗಿ ಸೊಳ್ಳೆ ಮೊಟ್ಟೆಯಿಡುವುದೇ ಇಂಥಲ್ಲಿ.

ಕೊನೆಗೆ ಹೆಸರಿನ ಫಲಕ. ಬಳ್ಳಿ ಅಕ್ಷರ ಬೇಡ. ಮನೆ ನಂಬರು ಕೊರಿಯರ್ ಹುಡುಗನಿಗೆ ಗೇಟಿನಿಂದಲೇ ಕಾಣಬೇಕು. ಬೆಲ್ಲಿನ ಸ್ವಿಚ್ಚು ಪಕ್ಕದ ಮನೆಯ ಮಗುವಿಗೂ ಎಟುಕುವಂತಿರಲಿ, ಆಮೇಲೆ ಅದು ದಿನಕ್ಕೆ ಎಷ್ಟು ಸಲ ಒತ್ತುತ್ತದೆ ಅನ್ನುವುದು ನಿಮ್ಮ ಪಾಡು.