ಆಪರೇಟರ್‌ನಿಂದ ಸೂಪರ್‌ವೈಸರ್: ಮೊದಲ ವಾರದ ಕೆಲಸ

ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶದ ಮಷಿನ್ ಶಾಪಿನಲ್ಲಿ ಹೊಸ ಸೂಪರ್‌ವೈಸರ್ ಮಾಡುವ ದೊಡ್ಡ ತಪ್ಪೆಂದರೆ, ಕೆಲಸ ನಿಧಾನವಾದ ಕೂಡಲೇ ತಾನೇ ಲೇಥಿಗೆ ನಿಲ್ಲುವುದು. ಆಗ ಉಳಿದ ಮಷಿನ್‌ಗಳನ್ನು ನೋಡುವವರೇ ಇರುವುದಿಲ್ಲ.

ಶಿಫ್ಟಿಗೆ 15 ನಿಮಿಷ ಮುಂಚೆ ಬನ್ನಿ. ನಿಂತ ಮಷಿನ್, ರಿಜೆಕ್ಟ್ ಆದ ಪೀಸು, ಸವೆದ ಟೂಲ್, ಇವನ್ನು ಹಿಂದಿನ ಶಿಫ್ಟಿನವರಿಂದ ಕೇಳಿ ಬರೆದುಕೊಳ್ಳಿ.

"ಲಗೂನ ಮುಗಸ್ರಿ" ಎಂದರೆ ಏನೂ ಹೇಳಿದಂತಲ್ಲ. ಯಾವ ಪಾರ್ಟ್, ಎಷ್ಟು, ಎಷ್ಟು ಗಂಟೆಯೊಳಗೆ, ಯಾವ ಅಳತೆ ತಪ್ಪಬಾರದು ಎಂಬುದನ್ನು ಹೇಳಿ, ಅವರ ಬಾಯಿಂದಲೇ ತಿರುಗಿ ಹೇಳಿಸಿ. "ತಿಳೀತೇನ್ರಿ?" ಎಂದು ಕೇಳಿದರೆ ತಿಳಿಯದವರೂ "ಹೂಂ ರಿ" ಅಂತಾರೆ! ಮೊದಲ ಪೀಸನ್ನು ಅಳೆಯದೆ ಮುಂದಿನದಕ್ಕೆ ಬಿಡಬೇಡಿ. ಆಫ್‌ಸೆಟ್ (ಟೂಲಿನ ಸ್ಥಾನಕ್ಕೆಂದು ಮಷಿನ್‌ಗೆ ಕೊಟ್ಟ ಅಳತೆ) ತಪ್ಪಿದ್ದರೆ ಇಡೀ ಬ್ಯಾಚ್ ಸ್ಕ್ರ್ಯಾಪ್.

ಹೊಸಬರಿಗೆ ಮಾಡಿ ತೋರಿಸಿ, ಅವರಿಂದ ಮಾಡಿಸಿ, ಆಮೇಲೆ ಅರ್ಧ ಗಂಟೆಗೊಮ್ಮೆ ಹೋಗಿ ನೋಡಿ.

ತಪ್ಪಾದರೆ ಅದೇ ದಿನ, ಪಕ್ಕಕ್ಕೆ ಕರೆದು ಹೇಳಿ. ಮಾತು ಕೆಲಸದ ಮೇಲಿರಲಿ: "ಅಣ್ಣಾರ, ಈ 8 ಪೀಸಿನ ಬೋರ್ ತೂತು ದೊಡ್ಡದಾಗೇತ್ರಿ, ಯಾಕಾತು?" ಹಿರಿಯ ಆಪರೇಟರ್‌ಗೆ ಎಲ್ಲರೆದುರು ಬೈದರೆ ಮುಂದಿನ ದೋಷವನ್ನು ಅವರು ಮುಚ್ಚಿಡುತ್ತಾರೆ.

ಜಗಳ ಹುಟ್ಟುವುದು ಹೆಚ್ಚಾಗಿ ಓವರ್‌ಟೈಮ್ ಹಂಚಿಕೆಯಲ್ಲಿ. ಅದಕ್ಕೆ ಕಾನೂನಿನಂತೆ ದುಪ್ಪಟ್ಟು ದರ. ದೋಸ್ತರಿಗೇ ಕೊಟ್ಟರೆಂಬ ಅನುಮಾನ ಬೇಗ ಹಬ್ಬುತ್ತದೆ. ಸರದಿ ಪಟ್ಟಿಯನ್ನು ಬೋರ್ಡಿಗೆ ಹಚ್ಚಿಬಿಡಿ.