ಕೆಂಪು ಬಣ್ಣ ನುಂಗುತ್ತಿದ್ದ ಪರದೆ: ಗಂಜ್‌ನ ಹಳೆಯ ಲ್ಯಾಪ್‌ಟಾಪ್ ರಿಪೇರಿಯಾದ ಬಗೆ

ಈ ಲ್ಯಾಪ್‌ಟಾಪ್ ನನ್ನ ಅಂಗಡಿಯಿಂದ ಮೂರನೇ ಸಲ ಹೊರಗೆ ಹೋಗಿ ಹದಿನಾಲ್ಕು ತಿಂಗಳಾಯಿತು. ಒಂದು ತೊಗರಿ ಸುಗ್ಗಿ, ಒಂದು ಪೂರ್ತಿ ಕಲಬುರಗಿ ಬೇಸಿಗೆ ದಾಟಿದೆ, ಪರದೆಯ ಮೇಲೆ ಒಂದು ಗೆರೆಯೂ ಮೂಡಿಲ್ಲ. ಬರೆಯಲು ಇಷ್ಟು ದಿನ ಕಾದದ್ದಕ್ಕೆ ಕಾರಣವಿದೆ. ಇದೇ ಯಂತ್ರ ಎರಡು ಸಲ ‘ಸರಿಯಾಯಿತು’ ಅನ್ನಿಸಿಕೊಂಡು ಹೋಗಿ ಎರಡು ಸಲವೂ ಮರಳಿ ಬಂದಿತ್ತು. ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ನಮ್ಮ ಕಸುಬಿನವರು ಮೂವರು ನೋಡಿದ್ದರು, ಮೂವರೂ ಬೋರ್ಡ್ (ಮದರ್‌ಬೋರ್ಡ್) ಹೋಗಿದೆ ಎಂದಿದ್ದರು. ಬೋರ್ಡ್ ಹೋಗಿರಲಿಲ್ಲ.

ಯಂತ್ರ 2012ರ ಆಸುಪಾಸಿನದು. ಮೂರನೇ ತಲೆಮಾರಿನ ಐ5 ಪ್ರೊಸೆಸರ್, 14 ಇಂಚಿನ ಪರದೆ, ಬೋರ್ಡಿನಿಂದ ಪರದೆಗೆ ಚಿತ್ರದ ಸಿಗ್ನಲ್ ಒಯ್ಯುವ 40 ಪಿನ್ನಿನ ಎಲ್‌ವಿಡಿಎಸ್ ಕೇಬಲ್. ಧಾನ್ಯದ ಪೇಟೆಯಾದ ನೆಹರು ಗಂಜ್‌ನ ಒಂದು ಅಡತಿ (ದಲ್ಲಾಳಿ) ಅಂಗಡಿಯದು. ಹತ್ತು ವರ್ಷದ ರೈತರ ಖಾತೆಗಳು ಹಳೆಯ ಲೆಕ್ಕದ ಸಾಫ್ಟ್‌ವೇರ್ ಒಂದರಲ್ಲಿ ಕುಳಿತಿದ್ದವು, ಅದು ಹೊಸ ವಿಂಡೋಸ್‌ನಲ್ಲಿ ಏಳುತ್ತಿರಲಿಲ್ಲ. ಶರಣಬಸವೇಶ್ವರ ಜಾತ್ರೆ ಮುಗಿದ ವಾರ ಸಾಹುಕಾರರು ತಾವೇ ಅದನ್ನು ಚೀಲದಲ್ಲಿ ಸುತ್ತಿಕೊಂಡು ಬಂದರು. “ತಮ್ಮಾ, ಬೆಳಿಗ್ಗೆ ಚೆನ್ನಾಗಿರುತ್ತದೆ. ಮಧ್ಯಾಹ್ನ ಹರಾಜು ಸವಾಲಿನ ಹೊತ್ತಿಗೆ ಹುಚ್ಚು ಹಿಡಿಯುತ್ತದೆ” ಎಂದರು.

ಹುಚ್ಚು ಎಂದರೆ ಹೀಗೆ. ಡೆಸ್ಕ್‌ಟಾಪ್ ಮೇಲೆ ಅವರ ಮಗಳ ಮದುವೆಯ ಚಿತ್ರವಿತ್ತು. ಇಪ್ಪತ್ತು ನಿಮಿಷ ಕಳೆದ ಮೇಲೆ ಕೆಂಪು ಸೀರೆಯ ಮೇಲೆ ಕಪ್ಪು ಚುಕ್ಕೆಗಳು ಕುಣಿಯತೊಡಗಿದವು. ಆಮೇಲೆ ಸೀರೆಯ ಕೆಂಪು ಪೂರ್ತಿ ಹೋಗಿ ಮದುಮಗಳ ಮುಖ ಹಸಿರಾಯಿತು. ಕೊನೆಗೆ ಇಡೀ ಪರದೆ ಅಡ್ಡಡ್ಡ ಹರಿದ ಬಟ್ಟೆಯಂತಾಯಿತು. ಆ ಸೀರೆಯಲ್ಲೇ ಉತ್ತರವಿತ್ತು. ಅದನ್ನು ಓದಲು ನನಗೆ ಎರಡು ತಿಂಗಳು ಹಿಡಿಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಹೊರಗಿನಿಂದ ಬೇರೆ ವಿಜಿಎ ಮಾನಿಟರ್ ಹಚ್ಚಿದೆ, ಇಡೀ ಮಧ್ಯಾಹ್ನ ಚಿತ್ರ ಸ್ವಚ್ಛವಾಗಿತ್ತು. ರ‍್ಯಾಮ್ ಬದಲಿಸಿ ನೋಡಿದೆ. ವಿಂಡೋಸ್ ಏಳುವ ಮೊದಲೇ ಬರುವ ಬಯೋಸ್ ಪರದೆಯಲ್ಲೂ ಅದೇ ರೋಗವಿದ್ದದ್ದರಿಂದ ಡ್ರೈವರ್ ತಂಟೆಗೆ ಹೋಗಲಿಲ್ಲ. ಕೆಟ್ಟದ್ದು ಪರದೆಯ ಪ್ಯಾನೆಲ್ ಎಂದು ತೀರ್ಮಾನಿಸಿ ಸೆಕೆಂಡ್‌ಹ್ಯಾಂಡ್ ಪ್ಯಾನೆಲ್ ಹಾಕಿದೆ, 2,200 ರೂಪಾಯಿ. ಎಂಟೊಂಬತ್ತು ದಿನ ಚೆನ್ನಾಗಿ ನಡೆದು ಮತ್ತೆ ಬಂತು. ಕೇಬಲ್ ಇರಬೇಕು ಎಂದುಕೊಂಡೆ. ಆನ್‌ಲೈನ್‌ನಲ್ಲಿ 600 ಕೊಟ್ಟು ತರಿಸಿದ್ದು ಹೊಸ ಬಗೆಯ ಪರದೆಗಳ 30 ಪಿನ್ನಿನ ಇಡಿಪಿ ಕೇಬಲ್ ಆಗಿತ್ತು, ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಿಟ್ಟಿನಿಂದ ಹುಸೇನ್‌ಸಾಗರ್ ರೈಲು ಹತ್ತಿ ಹೈದರಾಬಾದಿಗೆ ಹೋದೆ. ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್‌ನಲ್ಲಿ ಅರ್ಧ ದಿನ ಸುತ್ತಿ ಸರಿಯಾದ ಕೇಬಲ್ ಹುಡುಕಿದೆ. ಕೇಬಲ್‌ಗೆ 450, ಹೋಗಿ ಬರುವ ಖರ್ಚು ಊಟ ಸೇರಿ ಏಳೆಂಟು ನೂರು, ಮುಚ್ಚಿದ ಅಂಗಡಿಯ ಒಂದು ದಿನದ ದುಡಿಮೆ ಬೇರೆ. ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ಸಾಹುಕಾರರು ಅದೇ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಪ್ಯಾನೆಲ್ ದುಡ್ಡು ಅವರಿಗೆ ವಾಪಸು ಕೊಟ್ಟೆ. ಹೀಗೆ ನಾಲ್ಕು ಸಾವಿರದ ಹತ್ತಿರ ನನ್ನ ಕಿಸೆಯಿಂದಲೇ ಹೋಯಿತು.

ಈ ಹಂತದಲ್ಲಿ ಬೋರ್ಡ್ ಹೋಗಿದೆ ಎಂಬ ಆ ಮೂವರು ಗೆಳೆಯರ ವಾದ ಗಟ್ಟಿಯಾಯಿತು. ಅದು ಬುಡವಿಲ್ಲದ ವಾದವೇನಲ್ಲ. ಈ ತಲೆಮಾರಿನಲ್ಲಿ ಗ್ರಾಫಿಕ್ಸ್ ಭಾಗ ಪ್ರೊಸೆಸರ್‌ನ ಒಳಗಿದ್ದರೂ ಎಲ್‌ವಿಡಿಎಸ್ ಸಿಗ್ನಲ್ ಹೊರಬೀಳುವುದು ಬೋರ್ಡ್ ಮೇಲಿನ ಪಿಸಿಎಚ್ ಎಂಬ ಇನ್ನೊಂದು ಚಿಪ್‌ನಿಂದ. ವಿಜಿಎ ಕೂಡ ಅಲ್ಲಿಂದಲೇ. ಹಾಗಾಗಿ ವಿಜಿಎ ಚೆನ್ನಾಗಿದ್ದ ಮಾತ್ರಕ್ಕೆ ಎಲ್‌ವಿಡಿಎಸ್ ಭಾಗ ಸತ್ತಿಲ್ಲ ಎನ್ನಲು ಬರುವುದಿಲ್ಲ. “ಬಿಸಿಯಾದಾಗ ಕೆಡುತ್ತದೆ ಎಂದರೆ ಚಿಪ್ ಕೆಳಗಿನ ಬೆಸುಗೆಯ ಬಾಲ್ ಬಿಟ್ಟಿದೆ, ಹಾಟ್ ಏರ್ ಹಿಡಿ” ಎಂದರು, ಅಂದರೆ ಬಿಸಿ ಗಾಳಿ ಊದಿ ಆ ಬೆಸುಗೆಯನ್ನು ಕರಗಿಸಿ ಕೂರಿಸು ಎಂದು. ಬೆಂಗಳೂರಿನ ಒಂದು ಅಂಗಡಿ ರೀಬಾಲಿಂಗ್‌ಗೆ, ಅಂದರೆ ಚಿಪ್ ಕಿತ್ತು ಬೆಸುಗೆಯ ಬಾಲ್‌ಗಳನ್ನು ಹೊಸದಾಗಿ ಕೂರಿಸಲು, 6,500 ಕೇಳಿತು, ಗ್ಯಾರಂಟಿ ಇಲ್ಲ.

ನಮ್ಮ ಕಸುಬಿಗೆ ಈ ಚಟ ಹತ್ತಿದ್ದು ಹಳೆಯ ಕಾಲದಿಂದ. 2008ರಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳು ಬಿಸಿಗೆ ಕೈಕೊಡುತ್ತಿವೆ ಎಂದು ಒಪ್ಪಿಕೊಂಡು ರಿಪೇರಿ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿರಿಸಿತ್ತು. ಆಗಿನಿಂದ ಗೆರೆ ಕಂಡರೆ ಸಾಕು, ಕೈ ಹಾಟ್ ಏರ್ ಕಡೆಗೇ ಹೋಗುತ್ತದೆ. ನನ್ನ ಕೈಯೂ ಹೋಗಿತ್ತು. ಹಿಂದೊಮ್ಮೆ ಇಂಥದೇ ಗೆರೆಗೆ ಚಿಪ್ ಕಾಯಿಸಿ ಒಳ್ಳೆಯ ಬೋರ್ಡ್ ಒಂದನ್ನು ಉಬ್ಬಿಸಿ ಕೊಂದು, ಗಿರಾಕಿಗೆ ನಾಲ್ಕು ಸಾವಿರ ಕೊಟ್ಟಿದ್ದೇನೆ. ಅಂದಿನಿಂದ ಅಳತೆ ಸಿಗದ ಹೊರತು ಬಿಸಿ ಗಾಳಿ ಇಲ್ಲ ಎಂದು ಗೋಡೆಯ ಮೇಲೆ ಬರೆದುಕೊಂಡಿದ್ದೇನೆ.

ಆ ರಾತ್ರಿ ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಬ್ಬಿಸಿ ಒಂದು ಪ್ರಯೋಗ ಮಾಡಿದೆ. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬರೆಯುತ್ತದೆ ಎಂಬ ರಿಫ್ರೆಶ್ ದರವನ್ನು 60 ಹರ್ಟ್ಸ್‌ನಿಂದ 40ಕ್ಕೆ ಇಳಿಸಿದೆ. ಚುಕ್ಕೆಗಳು ಮುಕ್ಕಾಲು ಪಾಲು ಕಡಿಮೆಯಾದವು. 60ಕ್ಕೆ ಏರಿಸಿದರೆ ಮತ್ತೆ ಹಾಜರು. ನಾಲ್ಕೈದು ಸಲ ಮಾಡಿದೆ, ಪ್ರತಿ ಸಲವೂ ಹಾಗೆಯೇ. ಸಿಗ್ನಲ್ ಹುಟ್ಟುವ ಜಾಗ ಸತ್ತಿದ್ದರೆ ವೇಗ ಇಳಿಸಿದರೂ ಹೀಗೆ ಚೇತರಿಸಿಕೊಳ್ಳುವುದು ಕಷ್ಟ. ದಾರಿಯಲ್ಲಿ ಎಲ್ಲೋ ಅರೆಬರೆ ತಾಗುತ್ತಿದೆ ಅನ್ನಿಸಿತು.

ಆಗ ಸೀರೆ ನೆನಪಾಯಿತು. ಬಣ್ಣವೊಂದಕ್ಕೆ 6 ಬಿಟ್‌ನ ಈ ಬಗೆಯ ಪ್ಯಾನೆಲ್‌ಗೆ ತಂತಿಗಳ ಮೂರು ಡೇಟಾ ಜೋಡಿ, ತಾಳ ಕೊಡುವ ಒಂದು ಕ್ಲಾಕ್ ಜೋಡಿ. ಕೆಂಪು ಬಣ್ಣದ ಆರೂ ಬಿಟ್‌ಗಳು ಹೋಗುವುದು ಸೊನ್ನೆ ನಂಬರಿನ ಜೋಡಿಯಲ್ಲಿ. ಹಸಿರಿನ ಬಹುಪಾಲು ಒಂದರಲ್ಲಿ, ನೀಲಿಯ ಬಹುಪಾಲು ಸಿಂಕ್ ಜೊತೆ ಎರಡರಲ್ಲಿ. ಕೆಂಪು ಮೊದಲು ಹೋಗುತ್ತದೆ ಎಂದರೆ ಆ ಒಂದು ಜೋಡಿಯನ್ನು ಹಿಡಿದು ನಡೆದರೆ ಸಾಕು.

ಪ್ಯಾನೆಲ್ ಕಡೆ ಪ್ರತಿ ಜೋಡಿಯ ನಡುವೆ 100 ಓಮ್‌ನ ಟರ್ಮಿನೇಶನ್ ರೆಸಿಸ್ಟರ್ ಇರುತ್ತದೆ, ದಾರಿ ಸರಿಯಿದ್ದರೆ ಮೀಟರ್ ಅಷ್ಟನ್ನೇ ತೋರಿಸಬೇಕು. ಬ್ಯಾಟರಿ ತೆಗೆದು, ಅಡಾಪ್ಟರ್ ಬಿಚ್ಚಿ, ಕೀಬೋರ್ಡ್ ಎತ್ತಿ ಮಲ್ಟಿಮೀಟರ್ ಹಿಡಿದೆ. ಬೋರ್ಡ್ ಮೇಲೆ ಕೇಬಲ್ ಕೂರುವ ಕನೆಕ್ಟರ್‌ನ ಪಿನ್ನಿನ ಮೇಲೆಯೇ ಇಟ್ಟರೆ ನಾಲ್ಕೂ ಜೋಡಿ 100ರ ಆಚೆ ಈಚೆ. ಪಕ್ಕದಲ್ಲೇ ಬೋರ್ಡ್ ಕಡೆಯ ಟೆಸ್ಟ್ ಪಾಯಿಂಟ್ ಮೇಲೆ ಇಟ್ಟರೂ ಅಷ್ಟೇ. ನಿರಾಶೆಯಾಯಿತು. ಮುಂದೆ ನಡೆದದ್ದು ನನ್ನ ಮಗನ ಪುಣ್ಯ. ಅವನು ಟಾರ್ಚ್ ಹಿಡಿದು ನಿಂತಿದ್ದ, ಬೆಳಕು ಅಡ್ಡ ಬರುತ್ತದೆಂದು ಪರದೆಯನ್ನು ಹಿಂದಕ್ಕೆ ತಳ್ಳಿದ. ಟೆಸ್ಟ್ ಪಾಯಿಂಟ್ ಮೇಲಿದ್ದ ಮೀಟರ್ 102 ಬಿಟ್ಟು ಕಿಲೋ ಓಮ್‌ಗೆ ಜಿಗಿಯಿತು. “ಅಲ್ಲಾಡಬೇಡ, ಹಾಗೇ ಹಿಡಿ!” ಎಂದು ಕೂಗಿದೆ. ಮೊನೆಯನ್ನು ಪಿನ್ನಿನ ಮೇಲೆ ಸರಿಸಿದರೆ 102. ಬೋರ್ಡ್ ಮೇಲೆ ಇಟ್ಟರೆ ಕಿಲೋ ಓಮ್. ಎರಡರ ನಡುವೆ ಇದ್ದದ್ದು ಬೆಸುಗೆ ಮಾತ್ರ.

ಭೂತಗನ್ನಡಿಯಲ್ಲಿ ನೋಡಿದೆ. ಪಿನ್ನಿನ ಕಾಲಿನ ಸುತ್ತ ಕೂದಲೆಳೆಗಿಂತ ತೆಳ್ಳಗಿನ ಕಪ್ಪು ಉಂಗುರ. ಪಕ್ಕದ ಕ್ಲಾಕ್ ಪಿನ್ನಿನಲ್ಲೂ ಅರ್ಧ ಉಂಗುರ. ಪ್ಯಾನೆಲ್ ಬದಲಿಸಿದಾಗ, ಕೇಬಲ್ ಬದಲಿಸಿದಾಗ ನಾನು ಕನೆಕ್ಟರ್ ಒತ್ತಿ ಕೂರಿಸಿದ್ದರಿಂದ ಬಿರುಕು ಕೆಲವು ದಿನ ಮುಚ್ಚಿಕೊಂಡಿತ್ತು, ಅಷ್ಟೆ. ಮಧ್ಯಾಹ್ನದ 42 ಡಿಗ್ರಿಯಲ್ಲಿ ಅದು ಮತ್ತೆ ಬಾಯಿ ಬಿಡುತ್ತಿತ್ತು.

ಬಿರುಕು ಬಿಟ್ಟದ್ದು ಏಕೆ ಎಂಬುದು ಉಳಿಯಿತು, ಅದನ್ನು ಬಿಟ್ಟು ಬೆಸುಗೆ ಹಾಕಿದ್ದರೆ ಮೂರನೇ ಸಲವೂ ವಾಪಸು ಬರುತ್ತಿತ್ತು. ಪರದೆಯ ಎಡಗಡೆಯ ಹಿಂಜ್ (ತಿರುಗಣೆ) ಸರಿಯಾಗಿ ಆ ಕನೆಕ್ಟರ್ ಪಕ್ಕದಲ್ಲೇ ಬೋರ್ಡಿನ ಮೂಲೆಗೆ ಸ್ಕ್ರೂ ಆಗಿದೆ. ಗಂಜ್‌ನಲ್ಲಿ ತೊಗರಿ ಬರುವ ತಿಂಗಳುಗಳಲ್ಲಿ ಗಾಳಿಯಲ್ಲೇ ಹೊಟ್ಟಿನ ಧೂಳಿರುತ್ತದೆ. ಅದು ಹಿಂಜ್ ಒಳಗೆ ಸೇರಿತ್ತು. ಕಿರ್ ಎನ್ನುತ್ತದೆಂದು ಅಂಗಡಿಯ ಗುಮಾಸ್ತರು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದರು. ಎಣ್ಣೆಯೂ ಧೂಳೂ ಸೇರಿ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಕಿರಾಣಿ ಅಂಗಡಿಯಿಂದ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತಂದು ಪರದೆಯ ಮೇಲಂಚಿಗೆ ಸಿಕ್ಕಿಸಿ ಎಳೆದೆ. ಪರದೆ ಕದಲಲು ಒಂದೂವರೆ ಕಿಲೋ ಮೇಲೆಯೇ ಬೇಕಾಯಿತು. ಅದೇ ಮಾದರಿಯ ಇನ್ನೊಂದು ಯಂತ್ರ ಏಳೆಂಟು ನೂರು ಗ್ರಾಂಗೆ ಕದಲಿತು. ಪರದೆ ತೆರೆದಾಗಲೆಲ್ಲ ಬೋರ್ಡ್ ಬಾಗುತ್ತಿತ್ತು, ದಿನಕ್ಕೆ ಹತ್ತು ಸಲ, ವರ್ಷಗಟ್ಟಲೆ.

ಕೆಲಸ ಮಾಡಿದ್ದು ಒಂದು ಮಧ್ಯಾಹ್ನ. ಹಿಂಜ್ ಬಿಚ್ಚಿ ಐಪಿಎ ಎಂಬ ಆಲ್ಕೋಹಾಲ್‌ನಲ್ಲಿ ರಾತ್ರಿಯಿಡೀ ನೆನೆಸಿಟ್ಟಿದ್ದೆ. ತೊಳೆದು ಗ್ರೀಸ್ ಹಚ್ಚಿ ನಟ್ ಸಡಿಲಿಸಿದೆ. ಯಾವ ಗ್ರೀಸ್, ಎಷ್ಟು ಸುತ್ತು ಎಂಬುದು ನನ್ನಲ್ಲೇ ಇರಲಿ, ಅದು ನನ್ನ ಅನ್ನ. ತೂಕ ಒಂಬೈನೂರು ಗ್ರಾಂಗೆ ಬಂದಾಗ ನಿಲ್ಲಿಸಿದೆ. ಬೆಸುಗೆಗೆ ಹಾಟ್ ಏರ್ ಮುಟ್ಟಲಿಲ್ಲ, ಕನೆಕ್ಟರ್‌ನ ಪ್ಲಾಸ್ಟಿಕ್ ಕರಗುತ್ತದೆ. ಸಣ್ಣ ಮೊನೆಯ ಸೋಲ್ಡರಿಂಗ್ ಐರನ್, ಬೆಸುಗೆ ಹರಿಯಲು ಧಾರಾಳ ಫ್ಲಕ್ಸ್, ಒಂದೊಂದೇ ಪಿನ್, ನಲವತ್ತೂ ಪಿನ್. ಕೆಟ್ಟದ್ದು ಎರಡೇ ಆದರೂ ಉಳಿದವೂ ಅದೇ ಬಾಗುವಿಕೆಯನ್ನು ತಿಂದಿದ್ದವು. ಹಳೆಯ ಬೆಸುಗೆ ಸೀಸವಿಲ್ಲದ್ದು, ಹೊಸ ಸೀಸದ ಬೆಸುಗೆಯನ್ನು ಚೂರು ಬೆರೆಸಿದರೆ ಸಲೀಸಾಗಿ ಹರಿಯುತ್ತದೆ. ಕೇಬಲ್‌ನ ಗ್ರೌಂಡ್ ಪಟ್ಟಿಗೆ ಹಿಂದೆ ಯಾರೋ ಹಾಕದೇ ಬಿಟ್ಟಿದ್ದ ಸ್ಕ್ರೂ ಹಾಕಿದೆ. ಆಮೇಲೆ ಹೇರ್ ಡ್ರೈಯರ್‌ನಿಂದ ಬೋರ್ಡ್ ಬಿಸಿ ಮಾಡುತ್ತಾ, ಪರದೆಯನ್ನು ಹಿಂದೆ ಮುಂದೆ ಆಡಿಸುತ್ತಾ ಮೀಟರ್ ನೋಡಿದೆ. ಸೂಜಿಯಷ್ಟೂ ಕದಲಲಿಲ್ಲ.

ಬಿಚ್ಚಿದ ಮೂಲ ಪ್ಯಾನೆಲ್‌ನಲ್ಲಿ ದೋಷವೇ ಇರಲಿಲ್ಲವಲ್ಲ, ಅದನ್ನು ಎಸೆಯಲು ಮನಸ್ಸಾಗಲಿಲ್ಲ. ಸಾವಿರದೈನೂರರ ಆಸುಪಾಸಿನ ಯೂನಿವರ್ಸಲ್ ಡ್ರೈವರ್ ಬೋರ್ಡ್ ತರಿಸಿ ಜೋಡಿಸಿದೆ, ಈಗ ಅದೇ ನನ್ನ ಮೇಜಿನ ಟೆಸ್ಟ್ ಮಾನಿಟರ್. ಮೊದಲ ಸಲ ತಪ್ಪು ಫರ್ಮ್‌ವೇರ್ ಹಾಕಿ ಚಿತ್ರ ನೆಗೆಟಿವ್‌ನಂತೆ ಬಂದಿತ್ತು, ಎರಡನೇ ಸಲಕ್ಕೆ ಸರಿಯಾಯಿತು.

ಸಾಹುಕಾರರಿಂದ ಒಟ್ಟು 1,800 ತೆಗೆದುಕೊಂಡೆ. ಅವರು ಎಣಿಸಿ ಕೊಟ್ಟು, ಮೇಲೆ ಐದು ಕಿಲೋ ತೊಗರಿ ಬೇಳೆ ಕಳಿಸಿದರು. ಬೋರ್ಡ್ ಹೋಗಿದೆ ಎಂದಿದ್ದ ಮೂವರಲ್ಲಿ ಇಬ್ಬರು ಈಗ ಗೆರೆ ಬಿದ್ದ ಯಂತ್ರಗಳನ್ನು ನನ್ನ ಕಡೆ ಕಳಿಸುತ್ತಾರೆ. ಈವರೆಗೆ ಏಳು ಬಂದವು, ಅದರಲ್ಲಿ ನಾಲ್ಕಕ್ಕೆ ಹಿಂಜ್ ಪಕ್ಕದ ಬೆಸುಗೆಯೇ ಕಾರಣ, ಎರಡಕ್ಕೆ ಕೇಬಲ್. ಏಳನೆಯದು ಈಗ ಮೇಜಿನ ಮೇಲಿದೆ. ಇದರಲ್ಲಿ ನೀಲಿ ಹೋಗುತ್ತದೆ, ಎರಡು ನಂಬರಿನ ಜೋಡಿ. ನಾಳೆ ಮಗನಿಗೆ ಶಾಲೆ ರಜೆ, ಪರದೆ ಆಡಿಸಲು ಅವನೇ ಬರುತ್ತಾನೆ.